ಬಾಗಿಲಾಚೆಯ ಅರ್ಧ ಮನೆ

2025ರ ಆಗಸ್ಟ್ 14ರಂದು ಮುಂಬೈಯ ವರ್ಲಿಯಲ್ಲಿ 556 ಕುಟುಂಬಗಳ ಕೈಗೆ ಹೊಸ ಮನೆಯ ಕೀಲಿಕೈ ಬಂತು. ನೂರು ವರ್ಷ ಹಳೆಯ ಬಿಡಿಡಿ ಚಾಳುಗಳ ಜಾಗದಲ್ಲಿ ಮಹಾರಾಷ್ಟ್ರದ ವಸತಿ ಮಂಡಳಿ ಮ್ಹಾಡಾ ಕಟ್ಟಿಸುತ್ತಿರುವ ನಲವತ್ತು ಮಹಡಿಯ ಗೋಪುರಗಳ ಮೊದಲ ಕಂತು ಅದು. 160 ಚದರ ಅಡಿಯ ಒಂದೇ ಕೋಣೆಯಲ್ಲಿ ತಲೆಮಾರುಗಳನ್ನು ಕಳೆದವರಿಗೆ 500 ಚದರ ಅಡಿಯ ಫ್ಲ್ಯಾಟು, ಸ್ವಂತ ಕಕ್ಕಸು, ಸ್ವಂತ ಬಚ್ಚಲು. ಅದೂ ಬಿಡಿಗಾಸು ಕೊಡದೆ, ಮಾಲೀಕತ್ವದ ಹಕ್ಕಿನೊಂದಿಗೆ. ಮುಂಬೈಯಂಥ ನಗರದಲ್ಲಿ ಇದು ಸಣ್ಣ ಸಂಗತಿಯಲ್ಲ.

ಆದರೆ ಈ ಲೆಕ್ಕದಲ್ಲಿ ಒಂದು ಬಾಬತ್ತು ಬಿಟ್ಟುಹೋಗಿದೆ. ಚಾಳಿನ ಜನ ಯಾವತ್ತೂ ಬರೀ 160 ಚದರ ಅಡಿಯಲ್ಲಿ ಬದುಕಿದವರಲ್ಲ. ಅಷ್ಟರಲ್ಲಿ ಏಳೆಂಟು ಮಂದಿ ಬದುಕಲು ಸಾಧ್ಯವೂ ಇಲ್ಲ. ಅವರ ಮನೆಯ ಅರ್ಧಭಾಗ ಬಾಗಿಲಿನಿಂದಾಚೆ ಇತ್ತು: ಕಾರಿಡಾರಿನಲ್ಲಿ, ಮೆಟ್ಟಿಲಲ್ಲಿ, ತಾರಸಿಯಲ್ಲಿ, ಎರಡು ಕಟ್ಟಡಗಳ ನಡುವಿನ ಅಂಗಳದಲ್ಲಿ. ಬಾಡಿಗೆ ರಸೀದಿಯಲ್ಲಿ ನಮೂದಾಗದ ಆ ಅರ್ಧವನ್ನು ಕಟ್ಟಿದ್ದು ಯಾವ ವಾಸ್ತುಶಿಲ್ಪಿಯೂ ಅಲ್ಲ, ನಿವಾಸಿಗಳೇ. ಭಾರತದ ನಗರಗಳಲ್ಲಿ ಜನ ತಾವಾಗಿ ರೂಪಿಸಿದ ಅತ್ಯುತ್ತಮ ವಿನ್ಯಾಸಗಳಲ್ಲಿ ಅದಕ್ಕೆ ಮೊದಲ ಸಾಲಿನ ಸ್ಥಾನ ಕೊಡಬೇಕು. ಹಾಗೆ ಒಪ್ಪಿದರೆ, ಚಾಳನ್ನು ಕೆಡವಿ ಗೋಪುರ ಎಬ್ಬಿಸುವ ಯೋಜನೆಗಳನ್ನು ಒಳಗಿನ ಚದರ ಅಡಿಯಿಂದ ಮಾತ್ರ ಅಳೆಯುವುದು ಸಾಲದು.

ಚಾಳುಗಳನ್ನು ಕಟ್ಟಿಸಿದವರ ಮನಸ್ಸಿನಲ್ಲಿ ಇದಾವುದೂ ಇರಲಿಲ್ಲ. ಹತ್ತಿ ಗಿರಣಿಗಳಿಗೆ ಕೊಂಕಣದಿಂದ, ದಖ್ಖನಿನಿಂದ ಬಂದ ಗಂಡಾಳುಗಳಿಗೆ ರಾತ್ರಿ ಮಲಗಲು ಒಂದು ಸೂರು ಬೇಕಿತ್ತು. ಖಾಸಗಿ ಜಮೀನ್ದಾರರು, ಗಿರಣಿ ಮಾಲೀಕರು ಕೋಣೆಗಳ ಸಾಲು ಕಟ್ಟಿದರು. 1896ರ ಪ್ಲೇಗು ಊರನ್ನು ನಡುಗಿಸಿದ ಮೇಲೆ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಬಂತು, ಅದರ ಬಿಐಟಿ ಚಾಳುಗಳು ಬಂದವು. 1920ರಲ್ಲಿ ಗವರ್ನರ್ ಜಾರ್ಜ್ ಲಾಯ್ಡ್ ಕಾಲದಲ್ಲಿ ಸರ್ಕಾರವೇ ಒಂದು ಅಭಿವೃದ್ಧಿ ಇಲಾಖೆ (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್, ಅಂದರೆ ಬಿಡಿಡಿ) ತೆರೆದು ಐವತ್ತು ಸಾವಿರ ಕೋಣೆ ಕಟ್ಟುವುದಾಗಿ ಹೊರಟಿತು. ಕೊನೆಗೆ ವರ್ಲಿ, ನಾಯ್‌ಗಾಂವ್, ಡಿಲೈಲ್ ರೋಡ್, ಶಿವಡಿಗಳಲ್ಲಿ 207 ಕಟ್ಟಡ, ಸುಮಾರು ಹದಿನಾರು ಸಾವಿರ ಕೋಣೆಗಳಿಗೆ ನಿಂತಿತು. ಬಿಡಿಡಿ ಚಾಳುಗಳೆಂದರೆ ಇವೇ. ನೆಲಮಹಡಿಯ ಮೇಲೆ ಮೂರು ಅಂತಸ್ತು, ಅಂತಸ್ತಿಗೆ ಇಪ್ಪತ್ತು ಕೋಣೆ, ನಡುವೆ ಒಂದು ಕಾರಿಡಾರು, ಎಲ್ಲರಿಗೂ ಸೇರಿ ಕಕ್ಕಸುಗಳು. ಆಗ ಹೊಸದಾಗಿದ್ದ ಕಾಂಕ್ರೀಟಿನಲ್ಲಿ ಎರಕ ಹೊಯ್ದಂತೆ ಕಟ್ಟಿದರು. ಕಾರ್ಮಿಕರು ಬರಲಿಲ್ಲ. ಗಿರಣಿ ದೂರ, ಬಾಡಿಗೆ ಭಾರ, ಒಳಗೆ ಕತ್ತಲು. ಎಷ್ಟೋ ಕೋಣೆ ಖಾಲಿ ಬಿದ್ದವು. ಕಾನೂನುಭಂಗ ಚಳವಳಿಯ ದಿನಗಳಲ್ಲಿ ವರ್ಲಿಯ ಈ ಕಟ್ಟಡಗಳನ್ನು ಸರ್ಕಾರ ತಾತ್ಕಾಲಿಕ ಜೈಲಾಗಿಯೂ ಬಳಸಿತು. ಜೈಲಾಗಲು ಒಗ್ಗಿದ ಕಟ್ಟಡವನ್ನು ಮನೆಯಾಗಿ ಒಗ್ಗಿಸಿಕೊಂಡವರು ಆಮೇಲೆ ಅಲ್ಲಿಗೆ ಬಂದ ಜನ.

ಹೇಗೆ ಒಗ್ಗಿಸಿಕೊಂಡರು ಎಂಬುದನ್ನು ನೋಡಲು ಗಿರಗಾಂವ್, ಪರೇಲ್, ಲಾಲ್‌ಬಾಗ್ ಕಡೆಯ ಚಾಳೊಂದರ ಗ್ಯಾಲರಿಯಲ್ಲಿ ಒಂದು ದಿನ ನಿಂತರೆ ಸಾಕು. ಬಿಡಿಡಿಯಲ್ಲಿ ಕಾರಿಡಾರು ಕಟ್ಟಡದ ಹೊಟ್ಟೆಯಲ್ಲಿದ್ದರೆ ಈ ಹಳೆಯ ಚಾಳುಗಳಲ್ಲಿ ಅದು ಹೊರಮೈಯಲ್ಲಿ, ಮರದ ಕಟಕಟೆಯೊಂದಿಗೆ ಅಂಗಳಕ್ಕೆ ತೆರೆದುಕೊಂಡಿರುತ್ತದೆ. ನಸುಕಿಗೆ ನಳ ಬರುವ ಹೊತ್ತಿಗೆ ಬಾಗಿಲ ಪಕ್ಕದ ಡ್ರಮ್ಮಿನ ಮುಚ್ಚಳ ತೆಗೆದು ನೀರು ತುಂಬುವ ಸದ್ದು ಸಾಲುಸಾಲಾಗಿ ಕೇಳುತ್ತದೆ. ಎಂಟು ಗಂಟೆಗೆ ಅದೇ ಜಾಗದಲ್ಲಿ ಶಾಲೆಗೆ ಹೊರಟ ಹುಡುಗಿಗೆ ಅಮ್ಮ ಜಡೆ ಹೆಣೆಯುತ್ತಾಳೆ. ಮಧ್ಯಾಹ್ನ ಮೊರ ಹಿಡಿದು ಅಕ್ಕಿ ಆರಿಸುವವರು, ಹೊಲಿಗೆ ಮಿಷನ್ನು ಹೊರಗೆಳೆದು ಬೆಳಕಿಗೆ ಕೂತವರು, ರಾತ್ರಿಪಾಳಿ ಮುಗಿಸಿ ಒಳಗೆ ಮಲಗಿದ ಗಂಡಿನ ನಿದ್ದೆ ಕೆಡದಂತೆ ಮಕ್ಕಳನ್ನು ಹೊರಗೇ ಆಡಿಸುವವರು. ಸಂಜೆ ಗ್ಯಾಲರಿಯ ಬಲ್ಬಿನಡಿ ಹೋಂವರ್ಕು. ರಾತ್ರಿ ಹತ್ತಾದ ಮೇಲೆ ಚಾಪೆ ಬಿಚ್ಚಿಕೊಳ್ಳುತ್ತದೆ. ಮನೆಯ ಗಂಡಸರು, ಮೀಸೆ ಚಿಗುರಿದ ಹುಡುಗರು ಅಲ್ಲಿಯೇ ಮಲಗುತ್ತಾರೆ, ಒಳಗಿನ ಕೋಣೆ ಹೆಂಗಸರಿಗೆ, ಮಕ್ಕಳಿಗೆ, ಹೊಸದಾಗಿ ಮದುವೆಯಾದವರಿಗೆ ಉಳಿಯಲೆಂದು. ನಾಲ್ಕಡಿ, ಐದಡಿ ಅಗಲದ ಒಂದು ಪಟ್ಟಿ ಇಪ್ಪತ್ತನಾಲ್ಕು ಗಂಟೆಯಲ್ಲಿ ಬಚ್ಚಲು, ಅಡುಗೆಮನೆ, ಕಾರ್ಖಾನೆ, ಶಾಲೆ, ಮಲಗುವ ಕೋಣೆ ಎಲ್ಲವೂ ಆಗುತ್ತದೆ.

ಇಷ್ಟೆಲ್ಲ ಜಗಳವಿಲ್ಲದೆ ನಡೆಯುತ್ತಿತ್ತೆಂದು ಹೇಳಲಾಗದು. ಜಗಳ ನಿತ್ಯದ್ದೇ. ಆದರೆ ಬರೆದಿಡದ ಒಂದು ಕಟ್ಟಳೆ ಇತ್ತು. ಬಾಗಿಲ ಮುಂದಿನ ಜಾಗವನ್ನು ಆ ಮನೆಯವರು ಬಳಸಬಹುದು, ದಾಟಿಹೋಗುವವರ ಹಾದಿ ಕಟ್ಟುವಂತಿಲ್ಲ. ಡ್ರಮ್ಮು, ತುಳಸಿ ಕುಂಡ, ಚಪ್ಪಲಿ ಗೋಡೆಗೆ ಒತ್ತಿಕೊಂಡಿರಬೇಕು. ಗಣಪತಿ ಹಬ್ಬದ ದಿನಗಳಲ್ಲಿ, ಮದುವೆಯಲ್ಲಿ, ಸಾವಿನಲ್ಲಿ ಯಾರದೂ ಪಾಲಿಲ್ಲ, ಇಡೀ ಗ್ಯಾಲರಿ ಎಲ್ಲರದು. ಗಿರಗಾಂವಿನ ಕೇಶವ್‌ಜಿ ನಾಯಕ್ ಚಾಳಿನಲ್ಲಿ 1893ರಲ್ಲಿ ಶುರುವಾದ ಗಣೇಶೋತ್ಸವ ಮುಂಬೈಯ ಸಾರ್ವಜನಿಕ ಗಣೇಶೋತ್ಸವಗಳಲ್ಲೇ ಮೊದಲನೆಯದೆಂದು ಹೆಸರಾಗಿದೆ. ದೇವಸ್ಥಾನವಿಲ್ಲದೆ, ಮೈದಾನವಿಲ್ಲದೆ, ನಿವಾಸಿಗಳೆಲ್ಲ ಓಡಾಡುವ ಅಂಗಳದಲ್ಲಿ ಒಂದು ಸಾರ್ವಜನಿಕ ಹಬ್ಬಕ್ಕೆ ನೆಲೆ ಸಿಕ್ಕಿತು.

ಹಂಚಿಕೊಂಡ ಜಾಗ ದುಡಿಮೆಯ ಜಾಗವೂ ಆಯಿತು ಎಂಬುದಕ್ಕೆ ದೇಶವೇ ಬಲ್ಲ ಉದಾಹರಣೆಯೊಂದಿದೆ. 1959ರ ಮಾರ್ಚ್ 15ರಂದು ಗಿರಗಾಂವಿನ ಲೋಹಾಣಾ ನಿವಾಸ್ ಎಂಬ ಕಟ್ಟಡದ ತಾರಸಿಯ ಮೇಲೆ ಏಳು ಮಂದಿ ಗೃಹಿಣಿಯರು ಎಂಬತ್ತು ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಲು ಕೂತರು. ಮೊದಲ ದಿನ ಆದದ್ದು ನಾಲ್ಕು ಪ್ಯಾಕೆಟ್ಟು. ಲಿಜ್ಜತ್ ಪಾಪಡ್ ಹುಟ್ಟಿದ್ದು ಹಾಗೆ. ಆ ಏಳು ಜನರಲ್ಲಿ ಯಾರ ಮನೆಯೊಳಗೂ ಹಪ್ಪಳ ಒಣಗಿಸುವಷ್ಟು ಜಾಗವಾಗಲಿ ಬಿಸಿಲಾಗಲಿ ಇದ್ದಿರಲಾರದು. ತಾರಸಿ ಎಲ್ಲರದಾಗಿತ್ತು, ಅದಕ್ಕೆ ಬೀಗವಿರಲಿಲ್ಲ, ಅದರಿಂದ ಆ ಉದ್ಯಮ ಸಾಧ್ಯವಾಯಿತು. ಮಳೆಗಾಲ ಬಂದಾಗ ಮೊದಲ ವರ್ಷ ನಾಲ್ಕು ತಿಂಗಳು ಕೆಲಸವೇ ನಿಂತಿತು. ಮುಂದಿನ ವರ್ಷ ಒಂದು ಮಂಚ, ಒಂದು ಸ್ಟವ್ ಕೊಂಡರು: ಹಪ್ಪಳ ಮಂಚದ ಮೇಲೆ, ಸ್ಟವ್ ಮಂಚದ ಕೆಳಗೆ. ಬಿಸಿಲಿಲ್ಲದೆಯೂ ಹಪ್ಪಳ ಒಣಗಿತು. ಇರುವುದರಲ್ಲೇ ದಾರಿ ಹುಡುಕುವ ಚಾಳಿನ ಬುದ್ಧಿ ಈ ಒಂದು ಮಂಚದಲ್ಲಿ ಕಾಣಿಸುವಷ್ಟು ಚೆನ್ನಾಗಿ ಬೇರೆಲ್ಲೂ ಕಾಣಿಸದು. ಇಂದಿನ ಯಾವ ಗೋಪುರದ ತಾರಸಿಯ ಬಾಗಿಲು ಏಳು ಹೆಂಗಸರಿಗೆ ಹೀಗೆ ತೆರೆದಿದ್ದೀತು ಎಂದು ಕೇಳಿಕೊಂಡರೆ ಕಳೆದುಹೋಗಿರುವುದರ ಅಂದಾಜು ಸಿಗುತ್ತದೆ.

ಮುಂಬೈಯ ಗಿರಣಿಗಳ ಪ್ರದೇಶವಾದ ಗಿರಣಗಾಂವಿನ ಖಾನಾವಳಿಗಳ ಕಥೆಯೂ ಇಂಥದ್ದೇ. ಊರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದ ಗಿರಣಿ ಕಾರ್ಮಿಕರಿಗೆ ಚಾಳಿನ ಹೆಂಗಸರು ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದರು. ಕೋಣೆಯೊಳಗೆ ಒಲೆ, ಊಟದ ಪಂಕ್ತಿ ಹೊಸ್ತಿಲು ದಾಟಿ ಹೊರಗೆ. 1975ರಲ್ಲಿ ಪ್ರೇಮಾ ಪುರವ್ ಕಟ್ಟಿದ ಅನ್ನಪೂರ್ಣ ಮಹಿಳಾ ಮಂಡಲ ಇಂಥ ಹೆಂಗಸರಿಗೆ ಬ್ಯಾಂಕ್ ಸಾಲ ಕೊಡಿಸಿ ಅವರ ಕೆಲಸಕ್ಕೊಂದು ಹೆಸರು ತಂದುಕೊಟ್ಟಿತು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಗಿರಣಿ ಮುಷ್ಕರ ಶುರುವಾಗಿ ತಿಂಗಳುಗಟ್ಟಲೆ ಸಂಬಳ ನಿಂತಾಗ ಈ ಊಟದ ಲೆಕ್ಕ ಸಾಲದ ಲೆಕ್ಕವಾಯಿತು. ಕರಾವಳಿ ಕರ್ನಾಟಕದಿಂದ ಹೋಟೆಲ್ ಕೆಲಸಕ್ಕೆಂದು ಹೋಗಿ, ರಾತ್ರಿಶಾಲೆಯಲ್ಲಿ ಓದಿ ಮುಂದೆ ಬಂದ ಹುಡುಗರ ಮುಂಬೈಯೂ ಹೀಗೆಯೇ ಹಂಚಿಕೊಂಡ ಜಾಗಗಳ ಮುಂಬೈ. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ, ಜಯಂತ ಕಾಯ್ಕಿಣಿ ಇವರನ್ನು ಓದಿದ ಕನ್ನಡಿಗರಿಗೆ ಆ ನಗರದ ಇಕ್ಕಟ್ಟೂ ಅದರೊಳಗಿನ ನೆರೆಹೊರೆಯೂ ಹೊಸದಲ್ಲ. ಮೈಸೂರು, ಬೆಂಗಳೂರುಗಳ ವಟಾರದಲ್ಲಿ ಬೆಳೆದವರಿಗಂತೂ ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟು ಹೊಗಳಿದ ಮೇಲೆ ಮತ್ತೊಂದು ಮಾತು ಹೇಳಲೇಬೇಕು. ಚಾಳಿನ ಬಗ್ಗೆ ಹಂಬಲದಿಂದ ಬರೆದವರಲ್ಲಿ ಹೆಚ್ಚಿನವರು ಚಾಳ್ ಬಿಟ್ಟು ಹೊರಬಂದವರು, ಮತ್ತು ಗಂಡಸರು. ಬೆಳಗಿನ ಜಾವ ಬಕೆಟ್ ಹಿಡಿದು ಕಕ್ಕಸಿನ ಸಾಲಿನಲ್ಲಿ ನಿಲ್ಲಬೇಕಾದ ಗರ್ಭಿಣಿಗೆ, ರಾತ್ರಿ ಗಂಡಸರು ಮಲಗಿದ ಕಾರಿಡಾರಿನಲ್ಲಿ ಕಾಲು ತುಳಿಯದಂತೆ ಹಾದು ಅಲ್ಲಿಗೆ ಹೋಗಬೇಕಾದ ಹುಡುಗಿಗೆ ಆ ಕಾರಿಡಾರು ಬೇರೆಯೇ ಆಗಿ ಕಾಣುತ್ತದೆ. ಎಲ್ಲರ ಕಣ್ಣಿಗೂ ಬೀಳುವ ಗ್ಯಾಲರಿ ಮಗುವನ್ನು ಕಾಯುತ್ತದೆ. ಅದೇ ಗ್ಯಾಲರಿ ಮನೆಗೆ ಯಾರು ಬಂದರು, ಸೊಸೆ ಎಷ್ಟು ಹೊತ್ತಿಗೆ ಹಿಂತಿರುಗಿದಳು ಎಂಬುದರ ಮೇಲೆಯೂ ಕಣ್ಣಿಡುತ್ತದೆ. ವರ್ಲಿಯಲ್ಲಿ ಕೀಲಿಕೈ ಪಡೆದ ಹೆಂಗಸರಿಗೆ ಸ್ವಂತ ಕಕ್ಕಸಿನ ಬಾಗಿಲು ಮುಚ್ಚಿಕೊಳ್ಳುವ ಹಕ್ಕು ನೂರು ವರ್ಷ ತಡವಾಗಿ ಸಿಕ್ಕಿದೆ. ಇದನ್ನು ಮರೆತು ಚಾಳನ್ನು ಹಾಡಿ ಹೊಗಳುವುದು ಅನ್ಯಾಯ.

ಜಾತಿಯ ಮಾತೂ ಇದೆ. ಕೋಣೆ ಸಿಗುತ್ತಿದ್ದುದು ಊರಿನವರ ಮೂಲಕ, ಜಾತಿಯವರ ಮೂಲಕ. ಹಾಗಾಗಿ ಕಟ್ಟಡಗಳು, ಮಹಡಿಗಳು ಜಾತಿವಾರು ವಿಂಗಡಣೆಗೊಂಡವು. ಬಾಬಾಸಾಹೇಬ್ ಅಂಬೇಡ್ಕರ್ ಪರೇಲಿನ ಬಿಐಟಿ ಚಾಳಿನ ಎರಡನೆಯ ಮಹಡಿಯಲ್ಲಿ ಸುಮಾರು ಎರಡು ದಶಕ ವಾಸವಿದ್ದರು. ಎರಡು ಕೋಣೆಗಳಲ್ಲಿ ಒಂದು ಸಂಸಾರಕ್ಕೆ, ಮತ್ತೊಂದು ಓದಿಗೆ, ಬರಹಕ್ಕೆ, ಬಂದವರನ್ನು ಕಾಣುವುದಕ್ಕೆ. ಕೊಲ್ಹಾಪುರದ ಶಾಹು ಮಹಾರಾಜರು ಅವರನ್ನು ಹುಡುಕಿಕೊಂಡು ಬಂದದ್ದು ಆ ಚಾಳಿಗೇ. ಒಂದು ಚಳವಳಿಯೇ ರೂಪುಗೊಂಡ ವಿಳಾಸ ಅದು. ಇನ್ನೊಂದು ಕಡೆ, 1974ರ ಜನವರಿಯಲ್ಲಿ ದಲಿತ ಪ್ಯಾಂಥರ್ಸ್ ಸಭೆಯ ನಂತರ ವರ್ಲಿಯ ಬಿಡಿಡಿ ಚಾಳುಗಳಲ್ಲಿ ಗಲಭೆ ಹೊತ್ತಿಕೊಂಡಾಗ ಕಟ್ಟಡಕ್ಕೆ ಕಟ್ಟಡ ಎದುರಾಳಿಯಾಗಿ ನಿಂತಿತು. ಒಂದೇ ಅಂಗಳ ಹಂಚಿಕೊಂಡವರು ಒಬ್ಬರನ್ನೊಬ್ಬರು ಕಲ್ಲಿನಿಂದ ಎದುರಿಸಿದರು. ಹತ್ತಿರ ಬದುಕಿದ ಮಾತ್ರಕ್ಕೆ ಸಮಾನತೆ ಹುಟ್ಟಿಬಿಡುವುದಿಲ್ಲ. ಕೊರೋನಾ ಕಾಲ ಇನ್ನೊಂದು ಬಗೆಯ ಲೆಕ್ಕ ಕೊಟ್ಟಿತು. 2020ರ ಜುಲೈಯಲ್ಲಿ ಮುಂಬೈಯ ಮೂರು ವಾರ್ಡುಗಳಲ್ಲಿ ನಡೆದ ರಕ್ತ ಸಮೀಕ್ಷೆಯಲ್ಲಿ ಕೊಳೆಗೇರಿಯ ನೂರರಲ್ಲಿ 57 ಮಂದಿಗೆ, ಉಳಿದ ಕಡೆ 16 ಮಂದಿಗೆ ಸೋಂಕು ತಗುಲಿದ್ದು ಕಂಡುಬಂತು. ಹಂಚಿಕೊಂಡ ಕಕ್ಕಸುಗಳೂ ಅದಕ್ಕೊಂದು ಕಾರಣವೆಂದು ಸಮೀಕ್ಷೆ ನಡೆಸಿದವರು ಊಹಿಸಿದರು.

ಹಾಗಾದರೆ ಗೋಪುರವೇ ಸರಿಯೇ? ಮುಂಬೈಯದೇ ಗೋವಂಡಿಗೆ ಹೋದರೆ ಈ ಪ್ರಶ್ನೆಗೆ ಅಷ್ಟು ಸುಲಭದ ಉತ್ತರವಿಲ್ಲವೆಂದು ತಿಳಿಯುತ್ತದೆ.

ಅಲ್ಲಿಯ ನಟ್ವರ್ ಪಾರೇಖ್ ಕಾಂಪೌಂಡ್, ರಸ್ತೆ, ರೈಲು ಯೋಜನೆಗಳಿಗಾಗಿ ಮನೆ ಕಳೆದುಕೊಂಡವರಿಗೆಂದು ಕಟ್ಟಿದ ಪುನರ್ವಸತಿ ಕಾಲನಿ. ಅರವತ್ತರಷ್ಟು ಕಟ್ಟಡ, ಏಳು ಮಹಡಿ, 225 ಚದರ ಅಡಿಯ ಮನೆಗಳು, ಸುಮಾರು 25 ಸಾವಿರ ಜನ. ಕಟ್ಟಡದಿಂದ ಕಟ್ಟಡಕ್ಕೆ ಕೆಲವೆಡೆ ಮೂರೇ ಮೀಟರು. ಕೆಳಗಿನ ಮಹಡಿಗಳಿಗೆ ಮಧ್ಯಾಹ್ನವೂ ದೀಪ ಬೇಕು. ಡಾಕ್ಟರ್ಸ್ ಫಾರ್ ಯೂ ಸಂಸ್ಥೆ ಇಂಥ ಮೂರು ಪುನರ್ವಸತಿ ಕಾಲನಿಗಳಲ್ಲಿ ನಡೆಸಿ 2018ರಲ್ಲಿ ಬಂದ ಅಧ್ಯಯನ, ಗಾಳಿ ಬೆಳಕು ಸರಿಯಿಲ್ಲದ ಕಟ್ಟಡಗಳಿಗೂ ಅಲ್ಲಿಯ ಕ್ಷಯರೋಗಕ್ಕೂ ನಂಟಿರುವುದನ್ನು ತೋರಿಸಿತು. ಈ ಕಾಲನಿಯಲ್ಲಿ ಪ್ರತಿ ಮನೆಗೂ ಒಳಗೆ ಕಕ್ಕಸಿದೆ. ಕಾರಿಡಾರೂ ಇದೆ. ಆದರೆ ಆ ಕಾರಿಡಾರು ಎರಡೂ ಬದಿ ಮುಚ್ಚಿದ ಬಾಗಿಲುಗಳ ನಡುವಿನ ಕತ್ತಲ ಸುರಂಗ. ಅಲ್ಲಿ ಅಕ್ಕಿ ಆರಿಸಲು ಬೆಳಕಿಲ್ಲ, ಮಕ್ಕಳನ್ನು ಬಿಟ್ಟು ಕಣ್ಣಿಡಲು ಕಟಕಟೆಯಿಲ್ಲ. ಬೇರೆಬೇರೆ ಬಸ್ತಿಗಳಿಂದ ಕಿತ್ತು ತಂದವರನ್ನು ಒಟ್ಟಿಗೆ ಹಾಕಿದ್ದರಿಂದ ನೆರೆಯವರ ಪರಿಚಯವೂ ಇರಲಿಲ್ಲ. ಯಾರದೂ ಅಲ್ಲದ ಜಾಗ ಕಸದ ಜಾಗವಾಯಿತು. ಕಟ್ಟಡಗಳ ನಡುವಿನ ಸಂದಿಗೆ ಕಿಟಕಿಯಿಂದ ಕಸ ಬೀಳತೊಡಗಿತು, ಇಲಿಗಳು ಬಂದವು, ಕಿಟಕಿಗಳು ಮುಚ್ಚಿಕೊಂಡವು, ಇದ್ದ ಗಾಳಿಯೂ ಹೋಯಿತು.

ಕಮ್ಯೂನಿಟಿ ಡಿಸೈನ್ ಏಜೆನ್ಸಿ ಎಂಬ ಮುಂಬೈಯ ಸಂಸ್ಥೆ ಅಲ್ಲಿ ನಿವಾಸಿಗಳೊಂದಿಗೆ ಸೇರಿ ಮಾಡಿದ ಕೆಲಸ ಗಮನಿಸಬೇಕಾದದ್ದು. ಮೊದಲು ಕಟ್ಟಡಗಳ ನಡುವಿನ ಅಂಗಳಗಳನ್ನು ಕಸದಿಂದ ಬಿಡಿಸಿ ಕೂರುವ, ಆಡುವ ಜಾಗ ಮಾಡಿದರು. ಕಿತಾಬ್ ಮಹಲ್ ಎಂಬ ಪುಟ್ಟ ಗ್ರಂಥಾಲಯ ತೆರೆಯಿತು. ಮನೆಯಲ್ಲಿ ಓದಲು ಮೂಲೆಯಿಲ್ಲದ ಮಕ್ಕಳಿಗೆ ಅಲ್ಲಿ ಒಂದು ಮೂಲೆ ಸಿಕ್ಕಿತು. 2023ರ ಫೆಬ್ರುವರಿಯಲ್ಲಿ ಗೋವಂಡಿ ಕಲಾ ಉತ್ಸವ ನಡೆದಾಗ ಮಕ್ಕಳು ಮಾಡಿದ ಲಾಂದ್ರಗಳ ಮೆರವಣಿಗೆ ಅದೇ ಬೀದಿಗಳಲ್ಲಿ ಸಾಗಿತು. ಕಸ ಮತ್ತು ಕ್ಷಯದ ಸುದ್ದಿಗೆ ಹೆಚ್ಚಾಗಿ ಹೆಸರಾದ ಗೋವಂಡಿ ಆಗ ಬೇರೆ ಕಾರಣಕ್ಕೆ ಪತ್ರಿಕೆಗಳಲ್ಲಿ ಬಂತು. ಚಾಳಿನ ಜನ ತಲೆಮಾರುಗಳ ಕಾಲ ತಾವಾಗಿ ಮಾಡಿದ್ದನ್ನು ಇಲ್ಲಿ ಪ್ರಯತ್ನಪೂರ್ವಕ ಮಾಡಬೇಕಾಯಿತು, ಮತ್ತು ಮಾಡಲು ಸಾಧ್ಯವಾಯಿತು. ಅದರ ಮಿತಿಯೂ ಸ್ಪಷ್ಟ. ಗ್ರಂಥಾಲಯ ತೆರೆದರೆ ಎರಡನೆಯ ಮಹಡಿಗೆ ಬಿಸಿಲು ಬರುವುದಿಲ್ಲ. ಮೂರು ಮೀಟರಿನ ಅಂತರಕ್ಕೆ ಅನುಮತಿ ಕೊಟ್ಟ ನಿಯಮದ ತಪ್ಪನ್ನು ನಿವಾಸಿಗಳ ಜಾಣ್ಮೆ ತುಂಬಿಕೊಡಲಿ ಎಂದು ಬಯಸುವುದು ಸರ್ಕಾರಕ್ಕೆ ಶೋಭೆಯಲ್ಲ.

ಎತ್ತರದ ಕಟ್ಟಡವೇ ಶಾಪವೆಂದು ಇದರಿಂದ ತೀರ್ಮಾನಿಸುವುದೂ ತಪ್ಪು. 1960ರಲ್ಲಿ ಶುರುವಾದ ಸಿಂಗಪುರದ ವಸತಿ ಮಂಡಳಿಯ ಕಟ್ಟಡಗಳಲ್ಲಿ ಇಂದು ಆ ದೇಶದ ಐವರಲ್ಲಿ ಸುಮಾರು ನಾಲ್ವರು ವಾಸಿಸುತ್ತಾರೆ. ಎಪ್ಪತ್ತರ ದಶಕದಿಂದ ಅಲ್ಲಿ ನೆಲಮಹಡಿಯನ್ನು ಮನೆಗಳಿಲ್ಲದೆ, ಕಂಬಗಳ ನಡುವೆ ತೆರೆದು ಬಿಡುವ ರೂಢಿ ಬಂತು. ಅದೇ ಜಾಗದಲ್ಲಿ ಒಂದು ವಾರ ಮಲಯ್ ಮನೆತನದ ಮದುವೆ, ಇನ್ನೊಂದು ವಾರ ಚೀನೀ ಕುಟುಂಬದ ಶವಜಾಗರಣೆ, ಉಳಿದ ದಿನ ಕಲ್ಲಿನ ಮೇಜಿನ ಸುತ್ತ ಚೆಸ್ ಆಡುವ ಮುದುಕರು. ಅನುಮತಿ ಬೇಕು, ಚೆಂಡಾಟ ನಿಷೇಧದ ಫಲಕಗಳಿವೆ, ಕಾರಿಡಾರಿನಲ್ಲಿ ಕುಂಡ ಇಟ್ಟರೂ ಬೆಂಕಿ ಸುರಕ್ಷತೆಗೆಂದು 1.2 ಮೀಟರ್ ಹಾದಿ ಬಿಡಲೇಬೇಕು. ಚಾಳಿನ ಸಡಿಲು ಅಲ್ಲಿಲ್ಲ. ಆದರೆ ಮದುವೆಗೂ ಸಾವಿಗೂ ಕಟ್ಟಡದಲ್ಲಿ ಜಾಗ ಬೇಕು ಎಂಬುದನ್ನು ನಕ್ಷೆ ಬರೆಯುವಾಗಲೇ ಒಪ್ಪಿಕೊಂಡಿದ್ದಾರೆ.

ನಮ್ಮ ಗೋಪುರಗಳಲ್ಲಿ ಅದಕ್ಕೆ ಜಾಗ ಎಲ್ಲಿದೆ? ಲಿಫ್ಟಿನ ಮುಂದಿನ ಲಾಬಿ ಇದೆ, ಅಗ್ನಿ ಸುರಕ್ಷತೆಗೆಂದು ಕೆಲವು ಮಹಡಿಗೊಮ್ಮೆ ಖಾಲಿ ಬಿಡುವ ಆಶ್ರಯ ಜಾಗವಿದೆ, ಕಾರುಗಳ ಮೇಲಿನ ಪೋಡಿಯಂ ಇದೆ, ತಾರಸಿಗೆ ಬೀಗವಿದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಜನ ಇವುಗಳಲ್ಲೇ ರಾಜ್ಯೋತ್ಸವ ಮಾಡುತ್ತಾರೆ, ಗಣಪತಿ ಕೂರಿಸುತ್ತಾರೆ, ನೆಲಮಾಳಿಗೆಯಲ್ಲಿ ಕಸದಿಂದ ಗೊಬ್ಬರ ಮಾಡುತ್ತಾರೆ. ಅದು ಮೆಚ್ಚಬೇಕಾದ ಮಾತು. ಆದರೆ ಅದೇ ಬೆಂಗಳೂರಿನ ಒಂದು ವಸತಿ ಸಮುಚ್ಚಯದಲ್ಲಿ 2023ರಲ್ಲಿ, ಮನೆಕೆಲಸದವರು ಪಾರ್ಕಿನಂಥ ಸಾಮಾನ್ಯ ಜಾಗಗಳಲ್ಲಿ ಕೂರುವುದರ ವಿರುದ್ಧ ಹೊರಟ ಸೂಚನೆ ಸುದ್ದಿಯಾಯಿತು. ಕೆಲಸದವರಿಗೆ ಬೇರೆ ಲಿಫ್ಟು ಗೊತ್ತುಮಾಡಿದ ಕಟ್ಟಡಗಳೂ ಇವೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ ಸಾಮಾನ್ಯ ಜಾಗ ಎಲ್ಲ ಮಾಲೀಕರ ಅವಿಭಕ್ತ ಆಸ್ತಿ. ಅಲ್ಲಿ ದಿನದ ಎಂಟು ಗಂಟೆ ದುಡಿಯುವವರು ಕೂರಬಹುದೇ ಇಲ್ಲವೇ ಎಂಬುದನ್ನು ತೀರ್ಮಾನಿಸುವವರು ಮಾಲೀಕರೇ. ಜಾತಿಯ ಗೆರೆ ಹೊಸ ಕಟ್ಟಡದಲ್ಲಿ ಬೇರೆ ಬಣ್ಣದಲ್ಲಿ ಮೂಡುವುದೆಂದರೆ ಇದೇ.

ವರ್ಲಿಯ ಯೋಜನೆ ಮನೆಯ ಮಟ್ಟಿಗೆ ಗೆದ್ದಿದೆ. ಮನೆಯಾಚೆಯ ಮಟ್ಟಿಗೆ ಇನ್ನೂ ಪರೀಕ್ಷೆ ಪಾಸಾಗಿಲ್ಲ. ಮೂರು ಅಂತಸ್ತಿನಲ್ಲಿ ಎಲ್ಲರೂ ಎಲ್ಲರ ಬಾಗಿಲು ದಾಟಿ ಹೋಗುತ್ತಿದ್ದ ಜನ ಇನ್ನು ಲಿಫ್ಟಿನಲ್ಲಿ ಭೇಟಿಯಾಗಬೇಕು. ಮೂವತ್ತನೆಯ ಮಹಡಿಯ ಅಜ್ಜಿಗೆ ಅಂಗಳ ದೂರವಾಯಿತು. ಹಪ್ಪಳ, ಹೊಲಿಗೆ, ಡಬ್ಬಿ ಊಟದಂಥ ಮನೆಯಿಂದಲೇ ಮಾಡುವ ದುಡಿಮೆಗೆ ಹೊರಗಿನ ಜಾಗ ಸಿಗದಿದ್ದರೆ ಗೋಪುರದ ನಿರ್ವಹಣಾ ವೆಚ್ಚ ಕಟ್ಟುವ ದಾರಿಯೂ ಕಿರಿದಾಗುತ್ತದೆ. ಆಗ ಮನೆ ಮಾರಿ ದೂರದ ಉಪನಗರಕ್ಕೆ ಹೋಗುವ ಒತ್ತಡ ಶುರುವಾಗುತ್ತದೆ.

ಇದನ್ನು ತಡೆಯಲು ಕಾಂಕ್ರೀಟು ಒಡೆಯಬೇಕಾಗಿಲ್ಲ. ಗೋಪುರಗಳ ನಿರ್ವಹಣೆ ಮುಂದೆ ನಿವಾಸಿಗಳದೇ ಸಹಕಾರ ಸಂಘಗಳ ಕೈಗೆ ಬರುತ್ತದೆ, ನಿಯಮಗಳನ್ನು ಅವರೇ ಚರ್ಚಿಸಿ ಒಪ್ಪುತ್ತಾರೆ. ಆ ನಿಯಮಗಳಲ್ಲಿ ತಾರಸಿ ಹಗಲು ತೆರೆದಿರಲಿ. ಬೆಂಕಿಯ ಹಾದಿ ಬಿಟ್ಟು ಉಳಿದ ಲಾಬಿಯಲ್ಲಿ ಕೂರಲು, ಓದಲು, ಕೆಲಸ ಮಾಡಲು ಅವಕಾಶವಿರಲಿ. ನೆಲಮಟ್ಟದಲ್ಲಿ ಒಂದು ಸಭಾಂಗಣ ಬಾಡಿಗೆಯಿಲ್ಲದೆ ಮದುವೆಗೂ ಸಾವಿಗೂ ಸಿಗಲಿ, ಮನೆಕೆಲಸದವರೂ ಅಲ್ಲಿ ಕೂರಲಿ. ಈ ನಿಯಮ ಬರೆಯುವ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಲಿ. ಚಾಳಿನ ಗ್ಯಾಲರಿಯ ಒಳಿತನ್ನೂ ಕೆಡುಕನ್ನೂ ಅವರಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ವರ್ಲಿ, ನಾಯ್‌ಗಾಂವ್, ಡಿಲೈಲ್ ರೋಡುಗಳ 195 ಕಟ್ಟಡಗಳು ಈ ಯೋಜನೆಯಲ್ಲಿ ಸೇರಿವೆ, ಮೊದಲ ಕಂತಿನಲ್ಲಿ ಮನೆ ಸೇರಿದ್ದು 556 ಕುಟುಂಬ ಮಾತ್ರ. ಉಳಿದವರ ಸಂಘಗಳು ನಿಯಮ ಬರೆಯುವ ಮೊದಲೇ ಈ ಚರ್ಚೆ ನಡೆಯಬೇಕು.